ಸೋಮವಾರ ಕಿತ್ತ ತೆಂಗಿನ ಸಸಿ

ನನ್ನ ಗಂಡ ತೀರಿಕೊಂಡಾಗ ನನ್ನ ನಿವೃತ್ತಿಗೆ ಇನ್ನೂ ಕೆಲವು ತಿಂಗಳಿತ್ತು. ಕಾರ್ಯ ಮುಗಿದ ಮರುದಿನವೇ ತುಮಕೂರಿನ ಆಸ್ಪತ್ರೆಗೆ ಡ್ಯೂಟಿಗೆ ಹೋದೆ. ಬೆಳಿಗ್ಗೆ ಐದಕ್ಕೆ ಏಳುವುದು, ಅಂಗಳ ಗುಡಿಸಿ ನೀರು ಹಾಕುವುದು, ಹಾಸಿಗೆಯ ಚಾದರದ ಮೂಲೆಗಳನ್ನು ಮಡಚಿ ಬಿಗಿಯಾಗಿ ಸಿಕ್ಕಿಸುವುದು, ಇವೆಲ್ಲ ನರ್ಸಿಂಗ್ ಸ್ಕೂಲಿನಲ್ಲಿ ಹುಡುಗಿಯಾಗಿದ್ದಾಗಲೇ ಕೈಗೆ ಹತ್ತಿದ್ದವು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ಅಳು ಬರಲಿಲ್ಲ. ಬರಲಿ ಎಂದು ನಾನು ಕಾಯಲೂ ಇಲ್ಲ.

ನಮಗೆ ಮಕ್ಕಳಿಲ್ಲ. ಮಹಾಲಯ ಅಮಾವಾಸ್ಯೆಗೆ ಗುಬ್ಬಿಯಲ್ಲಿ ನನ್ನ ಮೈದುನನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಆ ವರ್ಷ ಕರೆದರು, ಹೋದೆ. ನನ್ನ ವಾರಗಿತ್ತಿ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. "ನೀವು ಕೂತ್ಕಳಿ ಅಕ್ಕ, ಸುಸ್ತಾಗಿರ್ತೀರಾ" ಅಂದಳು. ಗಂಡನ ಫೋಟೋ ಮುಂದೆ ಎಲೆ ಹಾಕಿ, ಅವರು ಚಿಕ್ಕಂದಿನಲ್ಲಿ ಇಷ್ಟಪಡುತ್ತಿದ್ದರೆಂದು ಒಬ್ಬಟ್ಟು, ಹುರುಳಿಕಾಳು ಸಾರು ಬಡಿಸಿದರು. ನಾನು ಕೂತೆ, ಉಂಡೆ, ಸಂಜೆಯ ರೈಲಿಗೆ ವಾಪಸ್ಸು ಬಂದೆ. ಯಾರದೋ ಮನೆಯ ಎಡೆಗೆ ಹೋಗಿ ಬಂದ ಹಾಗಿತ್ತು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಚೀನೀಯರು. ಹಾಗೆಂದರೆ ಅವರು ಚೀನಾ ದೇಶವನ್ನು ಕಣ್ಣಿನಿಂದ ನೋಡಿದವರಲ್ಲ. ಇಬ್ಬರೂ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಗಂಡ ಹಲ್ಲು ಕಟ್ಟುವ ಕೆಲಸ ಕಲಿತು, ಮದುವೆಯಾದ ಹೊಸದರಲ್ಲಿ ತುಮಕೂರಿಗೆ ಬಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಬೋರ್ಡಿನ ಮೇಲೆ ಎರಡು ಸಾಲು ಹಲ್ಲು, ನಡುವೆ ಕೆಂಪು ನಾಲಿಗೆ. ಸುತ್ತಮುತ್ತಲ ತಾಲ್ಲೂಕುಗಳ ಮುದುಕರು, ಮುದುಕಿಯರು ಅವರನ್ನು ‘ಚೀನಾ ಡಾಕ್ಟ್ರು’ ಎಂದು ಕರೆದು ಹಲ್ಲು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರ ಹೆಂಡತಿ ನಮ್ಮ ಬೀದಿಯ ಹೆಂಗಸರಂತೆಯೇ ಕನ್ನಡ ಮಾತಾಡುತ್ತಿದ್ದರು, ಸೊಪ್ಪಿನವಳ ಹತ್ತಿರ ನಮಗಿಂತ ಚೆನ್ನಾಗಿ ಚೌಕಾಶಿ ಮಾಡುತ್ತಿದ್ದರು. ನನ್ನನ್ನು ‘ಸಿಸ್ಟರ್’ ಅನ್ನುತ್ತಿದ್ದರು.

ಅವರ ಹಬ್ಬಗಳು ನನಗೆ ಗೊತ್ತಾದದ್ದು ಕಸದ ಮೂಲಕ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ ಅವರ ಹೊಸ ವರ್ಷ ಬರುತ್ತದೆ. ಆ ದಿನ ಅವರು ಮನೆ ಗುಡಿಸುವುದಿಲ್ಲ. ಒಂದು ಸಲ ಪಟಾಕಿಯ ಕೆಂಪು ಕಾಗದದ ಚೂರು ಬಾಗಿಲ ಮುಂದೆ ಹಾಗೇ ಬಿದ್ದಿತ್ತು. ಪಕ್ಕದ ಮನೆಯವರಿಗೆ ಹುಷಾರಿಲ್ಲವೇನೋ ಎಂದುಕೊಂಡು ನಾನು ಪೊರಕೆ ಹಿಡಿದು ಹೋದೆ.

"ಅಯ್ಯೋ ಸಿಸ್ಟರ್, ಪೊರಕೆ ಒಳಗಿಡಿ" ಅಂತ ಅವರು ಓಡಿ ಬಂದರು. "ಇವತ್ತು ಗುಡಿಸಿದ್ರೆ ವರ್ಷದ ಅದೃಷ್ಟ ಎಲ್ಲಾ ಮೋರಿಗೆ ಹೋಗುತ್ತೆ."

"ನಾನು ದಿನಾ ಗುಡಿಸ್ತೀನಲ್ಲ" ಅಂದೆ.

"ಅದಕ್ಕೇ ನಿಮ್ಮನೇಲಿ ಏನೂ ನಿಲ್ಲಲ್ಲ" ಅಂದು ನಕ್ಕರು.

ಆಗ ನನ್ನ ಗಂಡ ಇನ್ನೂ ಇದ್ದರು. ಅವರೂ ನಕ್ಕರು.

ಹೊಸ ವರ್ಷದ ದಿನ ಆ ಮನೆಯವರು ತಲೆಗೆ ಸ್ನಾನ ಮಾಡುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಬೇಸಿಗೆ ಕಳೆದ ಮೇಲೆ ಇನ್ನೊಂದು ಹಬ್ಬ. ಅಕ್ಕಿಯನ್ನು ಎಲೆಯಲ್ಲಿ ಸುತ್ತಿ, ದಾರ ಕಟ್ಟಿ ಬೇಯಿಸುತ್ತಾರೆ. ಅವರ ಊರಿನ ಎಲೆ ಇಲ್ಲಿ ಸಿಗದೆ ಬಾಳೆ ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ ಸುತ್ತುತ್ತಿದ್ದರು. ಹಿಂದೆ ಒಬ್ಬ ಮಂತ್ರಿ ನದಿಗೆ ಹಾರಿ ಸತ್ತನಂತೆ. ಮೀನು ಅವನ ದೇಹ ತಿನ್ನದಿರಲಿ ಎಂದು ಜನ ದೋಣಿಯಲ್ಲಿ ಹೋಗಿ ಅನ್ನದ ಉಂಡೆ ನೀರಿಗೆ ಹಾಕಿದರಂತೆ. ಗೌರಿ ಗಣೇಶ ಆದಮೇಲೆ ಬರುವ ಒಂದು ಹುಣ್ಣಿಮೆಗೆ ಚಂದ್ರನ ಹಬ್ಬ. ಮೈದಾ ಹಿಟ್ಟಿನೊಳಗೆ ಕೊಬ್ಬರಿ, ಎಳ್ಳು, ಬೆಲ್ಲ ತುಂಬಿ ಬಿಲ್ಲೆ ಮಾಡಿ, ಮಹಡಿಯ ಮೇಲೆ ಚಂದ್ರನಿಗೆ ತೋರಿಸಿ, ನಮಗೂ ಕೊಡುತ್ತಿದ್ದರು. ನಮ್ಮ ಕರ್ಜಿಕಾಯಿ ಒಳಗಿನ ಹೂರಣವೇ. ಈ ಹಬ್ಬಗಳೆಲ್ಲ ಚಂದ್ರನ ಲೆಕ್ಕಕ್ಕೆ ಹಿಂದೆ ಮುಂದೆ ಸರಿಯುತ್ತವೆ. ಸರಿಯದೆ ನಿಲ್ಲುವುದು ಒಂದೇ. ನಮ್ಮ ಸಂಕ್ರಾಂತಿಯ ಹಾಗೆ ಸೂರ್ಯನ ಲೆಕ್ಕದ್ದು. ಏಪ್ರಿಲ್ ಮೊದಲ ವಾರದಲ್ಲಿ ಬರುತ್ತದೆ. ಹೆಸರು ಚಿಂಗ್ ಮಿಂಗ್. ಅವತ್ತು ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ಕಳೆ ಕಿತ್ತು, ಊಟ ಇಟ್ಟು, ಅಲ್ಲೇ ಕೂತು ಉಂಡು ಬರಬೇಕು.

ಅವರ ಹಿರಿಯರ ಸಮಾಧಿಗಳು ಕಲ್ಕತ್ತೆಯಲ್ಲಿದ್ದವು. ಅಷ್ಟು ದೂರ ವರ್ಷವರ್ಷ ಹೋಗುವುದು ಸಾಧ್ಯವಿರಲಿಲ್ಲ. ಗಂಡ ಹೆಂಡತಿ ಮಹಡಿಯ ಮೇಲೆ ನಿಂತು ಆ ದಿಕ್ಕಿಗೆ ಕೈ ಮುಗಿದು ಇಳಿದು ಬರುತ್ತಿದ್ದರು. ಇದು ಸಾಲದು ಎಂದು ಆಕೆ ಪ್ರತಿ ಸಲವೂ ಹೇಳುತ್ತಿದ್ದರು.

ನನ್ನ ಗಂಡ ಹೋದ ಕೆಲವು ತಿಂಗಳಿಗೆ ಆಕೆಯ ಗಂಡನೂ ಹೋದರು. ಅಂಗಡಿಯಲ್ಲಿ ಕೂತಲ್ಲೇ ಎದೆನೋವು. ನಾನೇ ನಾಡಿ ಹಿಡಿದು ನೋಡಿದೆ. ನಾಡಿ ಇರಲಿಲ್ಲ. ಸುಡುವುದು ಅವರ ಪದ್ಧತಿಯಲ್ಲ. ಕ್ರೈಸ್ತರೂ ಅಲ್ಲ. ಎಲ್ಲಿ ಮಣ್ಣು ಮಾಡುವುದೆಂದು ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯಿಂದ ಸುದ್ದಿ ತಿಳಿದು ಒಬ್ಬ ಅಜ್ಜಿ ಮಗನ ಜೊತೆ ಬಂದಿಳಿದರು. ಅಜ್ಜಿಯ ಬಾಯಲ್ಲಿದ್ದದ್ದು ಈ ಡಾಕ್ಟರು ಕಟ್ಟಿದ ಹಲ್ಲು. ಹಬ್ಬಕ್ಕೊಂದು ಸಲ ತೆಂಗಿನಕಾಯಿ ಹೊತ್ತುಕೊಂಡು ಬಂದು ಮಾತಾಡಿಸಿ ಹೋಗುವಷ್ಟು ಸ್ನೇಹ.

"ನಮ್ ತೋಟದ ಮೂಲೇಲಿ ನಮ್ ಯಜಮಾನ್ರು, ಮಾವ, ಎಲ್ಲಾ ಮಲಗವ್ರೆ" ಅಂದರು ಅಜ್ಜಿ. "ಇವ್ರೂ ಅಲ್ಲೇ ಮಲಗ್ಲಿ ಬುಡಿ. ಮೂಳೆ ಅಗಿಯೋ ಹಲ್ಲು ಕೊಟ್ಟೋರು. ಊರೋರು ಏನಾರ ಅಂದ್ರೆ ಇದೇ ಹಲ್ಲಲ್ಲಿ ಮಾತಾಡ್ತೀನಿ."

ಹಾಗೆ ಆ ತೋಟದಲ್ಲಿ ಮಣ್ಣಾಯಿತು. ಆ ವರ್ಷದ ಚಿಂಗ್ ಮಿಂಗ್‌ಗೆ ಕಲ್ಕತ್ತೆಯಲ್ಲಿ ಮದುವೆಯಾಗಿರುವ ಮಗಳು ಬಂದು ತಾಯಿಯನ್ನು ಕರೆದುಕೊಂಡು ಹೋಗಿ ಬಂದಳು. ಮಾರನೇ ವರ್ಷ ಮಗಳಿಗೆ ಬರಲಾಗಲಿಲ್ಲ. ಅಷ್ಟರಲ್ಲಿ ತಾಯಿಯ ಮಂಡಿ ಹಾಳಾಗಿತ್ತು, ಅಂಗಡಿ ಖಾಲಿ ಮಾಡಿ ಆಗಿತ್ತು. ಮಳೆಗಾಲದ ಹೊತ್ತಿಗೆ ಮಗಳ ಮನೆಗೆ ಹೋಗಿ ನೆಲೆಸುವುದು ಎಂದು ತೀರ್ಮಾನವಾಗಿತ್ತು.

"ಒಂದೇ ಕೆಲಸ ಉಳಿದಿದೆ ಸಿಸ್ಟರ್" ಅಂದರು. "ಹೋಗೋದ್ರೊಳಗೆ ಅವರ ಜಾಗ ಚೊಕ್ಕಟ ಮಾಡಿ ಹೋಗ್ಬೇಕು. ಚಿಂಗ್ ಮಿಂಗ್ ದಿನ ಬಿಟ್ಟು ಬೇರೆ ದಿನ ಸಮಾಧಿ ಮಣ್ಣು ಮುಟ್ಟೋ ಹಂಗಿಲ್ಲ. ಇದು ತಪ್ಪಿದ್ರೆ ನಾನು ಮತ್ತೆ ಬರ್ತೀನೋ ಇಲ್ವೋ. ನೀವು ಜೊತೆಗೆ ಬನ್ನಿ."

ನಾನು ಆಗ ನಿವೃತ್ತಳಾಗಿದ್ದೆ. ಬರುತ್ತೇನೆ ಅಂದೆ.

ಅವತ್ತು ಸೋಮವಾರ. ಬೆಳಗಿನ ಬಸ್ಸು ಹತ್ತಿದೆವು. ಗೂಳೂರು ದಾಟಿತು, ಹೆಬ್ಬೂರು ದಾಟಿತು. ಆಕೆಯ ತೊಡೆಯ ಮೇಲೆ ಒಂದು ಬುಟ್ಟಿ. ಅದರಲ್ಲಿ ಇಡಿಯಾಗಿ ಬೇಯಿಸಿದ ಒಂದು ಕೋಳಿ, ಮೊಟ್ಟೆ, ಅನ್ನ, ಕಿತ್ತಳೆ, ಒಂದು ಸಣ್ಣ ಬಾಟಲಿ. ಅಡುಗೆಯೆಲ್ಲ ಹಿಂದಿನ ದಿನವೇ ಆಗಿತ್ತು. ಆ ಹಬ್ಬದ ದಿನ ತಣ್ಣಗಿನ ಊಟ ಮಾಡುವುದು ಪದ್ಧತಿಯಂತೆ. ನನ್ನ ಚೀಲದಲ್ಲಿ ಒಂದು ಕುಡುಗೋಲು, ಪೊರಕೆ, ನೀರು. ಆಕೆ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ನಾನು ಏನೂ ಯೋಚಿಸುತ್ತಿರಲಿಲ್ಲ. ಆ ದಿನಗಳಲ್ಲಿ ಬಸ್ಸು ನನಗೆ ಒಗ್ಗುತ್ತಿತ್ತು. ಕೂತರೆ ಸಾಕು, ಅದೇ ಕರೆದುಕೊಂಡು ಹೋಗುತ್ತದೆ. ಕುಣಿಗಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ತೋಟ ಸೇರುವ ಹೊತ್ತಿಗೆ ಬಿಸಿಲು ಏರಿತ್ತು.

ಅಜ್ಜಿ ಕಾಯುತ್ತಿದ್ದರು. ಪಕ್ಕದ ಮನೆಯಾಕೆಯ ಕೈ ಹಿಡಿದು ತೋಟದ ಮೂಲೆಗೆ ಕರೆದುಕೊಂಡು ಹೋದರು. ಮುಖದಲ್ಲಿ ಗೆಲುವು.

"ನೋಡಿ ತಾಯಿ, ನಿಮ್ ಯಜಮಾನ್ರ ಎದೆ ಮೇಲೆ ಒಬ್ಬ ಮಗ ಹುಟ್ಟವ್ನೆ" ಅಂದರು.

ಸಮಾಧಿಯ ಗುಡ್ಡೆಯ ನಡುವೆ ಒಂದು ತೆಂಗಿನ ಸಸಿ ಇತ್ತು. ಮೊಣಕಾಲು ದಾಟಿ ಬೆಳೆದಿತ್ತು. ಸುತ್ತ ಪಾತಿ, ಪಾತಿಯಲ್ಲಿ ಬೆಳಗಿನ ನೀರು ಇನ್ನೂ ಒದ್ದೆ. ತಂಪಿಗೆಂದು ಕಾಯಿಸಿಪ್ಪೆ ಹೊದಿಸಿದ್ದರು. ಇದ್ದ ಸಸಿಗಳಲ್ಲಿ ಒಳ್ಳೆಯದನ್ನೇ ಆರಿಸಿ ಇಟ್ಟಿದ್ದಾರೆಂದು ನೋಡಿದರೆ ತಿಳಿಯುತ್ತಿತ್ತು.

"ಮಹಾಲಯ ಅಮಾಸೆಗೆ ಎಡೆ ಇಕ್ದಾಗ ನೆಟ್ಟಿದ್ದು" ಅಂದ ಅಜ್ಜಿಯ ಮಗ. "ಅವ್ವ ಒಂದಿನ ನೀರು ತಪ್ಪಿಸಿಲ್ಲ."

ಆಕೆ ಬುಟ್ಟಿ ಕೆಳಗಿಟ್ಟರು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಸಿಸ್ಟರ್, ಬೇರು ಇಳಿಯುತ್ತೆ. ಒಳಗೆ ಹೋಗಿ ಮೂಳೆಗೆ ಸುತ್ಕೊಳ್ಳುತ್ತೆ. ಅವ್ರಿಗೆ ಮಲಗಕ್ಕಾಗಲ್ಲ. ಮಗಳಿಗೂ ಒಳ್ಳೇದಾಗಲ್ಲ" ಅಂದರು. ಚಿಂಗ್ ಮಿಂಗ್ ದಿನ ಕಳೆ ಕೀಳುವುದರ ಅರ್ಥವೇ ಅದು. ಸಮಾಧಿಯ ಮೇಲೆ ಬೇರು ಬಿಡುವ ಯಾವುದೂ ಇರಬಾರದು.

"ಏನಂತೆ?" ಅಂದರು ಅಜ್ಜಿ.

ನಾನು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಜ್ಜಿಯ ಮುಖದ ಗೆಲುವು ಇಳಿಯಿತು.

"ನಮ್ ಕಡೆ ಗಿಡ ಇಲ್ದಿರೋ ಗುಡ್ಡೆ ಅಂದ್ರೆ ದಿಕ್ಕಿಲ್ದೋರದು ಅಂತಾರೆ ಕಣಮ್ಮ" ಅಂದರು. "ಇವ್ರಿಗೆ ಗಂಡ್ಮಕ್ಕಳಿಲ್ಲ, ನೋಡೋರು ದೂರ ಅವ್ರೆ ಅಂತ ನೆಟ್ಟೆ. ಈಗ ಕೀಳು ಅಂದ್ರೆ? ತೆಂಗು ಕಿತ್ರೆ ಮಗನ್ನ ಕಿತ್ತಂಗೆ."

"ಅವ್ವ, ಕಿತ್ತು ಬೇರೆ ಕಡೆ ನೆಟ್ರಾಯ್ತು ಬುಡು" ಅಂದ ಮಗ. "ಸತ್ತೋಗಲ್ಲ ಅದು. ನಾಳೆ ಬೆಳಿಗ್ಗೆ ಎದ್ದು ಮೊದಲು ಅದೇ ಕೆಲಸ ಮಾಡ್ತೀನಿ."

"ನಾಳೆ ಆಗಲ್ಲಪ್ಪ" ಅಂದರು ಆಕೆ. "ಇವತ್ತೊಂದೇ ದಿನ."

"ಇವತ್ತು ಸೋಮಾರ."

"ಸೋಮವಾರ ಆದ್ರೆ?"

"ಸೋಮಾರ ಬಸವಣ್ಣನ ದಿನ ಅಮ್ಮ. ನಾವು ಎತ್ತಿಗೆ ಆರು ಕಟ್ಟಲ್ಲ, ಮಣ್ಣಿಗೆ ಗುದ್ದಲಿ ಹಾಕಲ್ಲ. ನಮ್ತಾತನ ಕಾಲದಿಂದ ಹಾಕಿಲ್ಲ. ಹೆಣ ಬಿದ್ರೆ ಮಾತ್ರ ತೆಗಿಯೋದು."

ಯಾರೂ ಜೋರಾಗಿ ಮಾತಾಡಲಿಲ್ಲ. ಜಗಳ ಆಗಿದ್ದರೆ ಸುಲಭವಾಗುತ್ತಿತ್ತು. ಜಾಗ ಕೊಟ್ಟವರ ಮನಸ್ಸು ನೋಯಿಸಿದರೆ ನಾಳೆ ಆ ಗುಡ್ಡೆಯನ್ನು ಕಾಯುವವರು ಯಾರು? ನೋಯಿಸದಿದ್ದರೆ ಆ ಸಸಿ ಇನ್ನೊಂದು ವರ್ಷ ಅಲ್ಲೇ ಬೇರು ಬಿಡುತ್ತದೆ, ಆಕೆ ಕಲ್ಕತ್ತೆಯಲ್ಲಿರುತ್ತಾರೆ. ಇದು ಆಕೆಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಆಕೆ ಕೆಟ್ಟ ಮಂಡಿಯನ್ನು ಮಡಿಸಿ ಕಷ್ಟಪಟ್ಟು ಕೂತು, ಬರಿಗೈಯಲ್ಲಿ ಸಸಿಯ ಬುಡ ಹಿಡಿದರು. ಅಜ್ಜಿ ಬಗ್ಗಿ ಆ ಕೈಯನ್ನು ಹಿಡಿದುಕೊಂಡರು.

"ಬ್ಯಾಡ ತಾಯಿ. ನೀವು ಕೀಳಬ್ಯಾಡಿ" ಅಂದರು. ಎಳೆದದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಇಬ್ಬರ ಕೈಯೂ ಸಸಿಯ ಬುಡದಲ್ಲಿ ಹಾಗೇ ಇತ್ತು.

ನಾನು ಅಜ್ಜಿಯ ಮಗನಿಗೆ ಗುದ್ದಲಿ ತರಲು ಹೇಳಿದೆ.

"ಯಾರಿಗಮ್ಮ?" ಅಂದ.

"ನನಗೆ."

"ನೀವೂ ನಮ್ ಕಡೆಯೋರೇ ಅಲ್ವಾ?" ಅಂದರು ಅಜ್ಜಿ. "ನಿಮ್ಗೆ ಸೋಮಾರ ಇಲ್ವಾ?"

"ವಾರ್ಡಿಗೆ ಸೋಮವಾರ ಬಂದವರನ್ನ ಮಂಗಳವಾರ ಬನ್ನಿ ಅಂತ ಯಾವತ್ತೂ ಕಳಿಸಿಲ್ಲ ಅಜ್ಜಿ."

ನಾನು ಹಿಂದೆ ಕುಣಿಗಲ್ಲಿನಲ್ಲಿ ಹೆರಿಗೆ ವಾರ್ಡಿನಲ್ಲಿ ಇದ್ದವಳೆಂದು ಅಜ್ಜಿಗೆ ಗೊತ್ತಿತ್ತು.

"ಹೆರಿಗೆ ಮಾಡ್ಸೋರಿಗೆ ವಾರ ಇಲ್ಲ, ದಿಟ" ಅಂದರು ಕೊನೆಗೆ. "ತಂದ್ಕೊಡ್ಲಾ ಮಗ. ಆದ್ರೆ ಸಿಸ್ಟರಮ್ಮ, ಬೇರಿಗೆ ಗುದ್ದಲಿ ತಾಗ್ಬಾರ್ದು. ಮಣ್ಣಿನ ಉಂಡೆ ಸಮೇತ ಎತ್ತಬೇಕು. ನಾನು ನೋಡಲ್ಲ."

ಹಾಗೆ ಹೇಳಿ ನಮಗೆ ಬೆನ್ನು ಮಾಡಿ ಕೂತರು. ನೋಡುವುದಿಲ್ಲ ಎಂದವರು ಬಾಯಿ ಮುಚ್ಚಲಿಲ್ಲ.

"ದೂರದಿಂದ ಬಿಡಿಸ್ಕೊಂಡು ಬನ್ನಿ. ಸದ್ದು ಹತ್ರದಲ್ಲಿ ಕೇಳ್ತಾ ಐತೆ, ಇನ್ನೂ ದೂರ. ಹಾ. ಈಗ ಗುದ್ದಲಿ ಬುಟ್ಬುಡಿ, ಕೈ ಹಾಕಿ. ಕಾಯಿ ಸಿಕ್ತಾ? ಅದರ ಕೆಳಗೆ ಕೈ ಕೊಟ್ಟು ನಿಧಾನಕ್ಕೆ ಎತ್ತಿ. ತಲೆ ಹಿಡ್ದು ಎಳೀಬ್ಯಾಡಿ."

"ಎಷ್ಟು ಜನಕ್ಕೆ ಹೆರಿಗೆ ಮಾಡ್ಸಿದೀರಿ ಅಜ್ಜಿ?" ಅಂದೆ.

"ನೀವು ಮಾತಾಡ್ಬ್ಯಾಡಿ, ಕೆಲಸ ನೋಡಿ."

ಸಸಿ ಉಂಡೆ ಸಮೇತ ಬಂತು. ಬೇರುಗಳು ಪೆನ್ಸಿಲ್ಲಿಗಿಂತ ಸಣ್ಣ, ತುದಿ ಬಿಳುಪು. ಒಂದೆರಡು ಕಿತ್ತು ಮಣ್ಣಿನಲ್ಲಿ ಉಳಿದವು. ಆಕೆ ಗುಂಡಿಯ ಅಂಚಿಗೆ ಬಂದು, ಕೈ ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು ಮಣ್ಣನ್ನು ಬೆರಳಲ್ಲಿ ಹುಡುಕಿದರು. ಸಿಕ್ಕ ಬೇರಿನ ತುಂಡುಗಳನ್ನೆಲ್ಲ ತೆಗೆದು ಸೆರಗಿನಲ್ಲಿ ಹಾಕಿಕೊಂಡರು.

"ತಾಗಿದೆಯಾ ಸಿಸ್ಟರ್?"

ಶವ ಎಷ್ಟು ಆಳದಲ್ಲಿದೆ ಎಂದು ಮಣ್ಣು ಮಾಡಿದ ದಿನ ನಾನು ನೋಡಿದ್ದೆ. "ಇಲ್ಲ. ಬೇರು ಮೇಲಿನ ಮಣ್ಣಲ್ಲೇ ಇದೆ" ಅಂದೆ. ಅದು ನಿಜ. ನಿಜವಲ್ಲದಿದ್ದರೂ ಹಾಗೇ ಹೇಳುತ್ತಿದ್ದೆನೋ ಏನೋ.

ಸಸಿಗೆ ಬದುವಿನ ಕಡೆ ಇನ್ನೊಂದು ಗುಂಡಿ ತೋಡಿ ನೆಟ್ಟು, ನೀರು ಹಾಕಿದೆ. ಸಮಾಧಿಯ ಗುಂಡಿ ಮುಚ್ಚಿ, ಮಣ್ಣು ತಟ್ಟಿ, ಸುತ್ತ ಗುಡಿಸಿದೆ. ಆಕೆ, ಮನೆಯವರು ಬಂದು ಹೋದ ಗುರುತಿಗೆ, ಬಿಳಿ ಕಾಗದದ ಪಟ್ಟಿಗಳನ್ನು ಗುಡ್ಡೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿದರು. ಬುಟ್ಟಿಯಿಂದ ಊಟ ತೆಗೆದರು.

"ಸೋಮಾರ ಕೋಳಿನಾ?" ಅಂದ ಅಜ್ಜಿಯ ಮಗ.

"ಅವ್ರಿಗೆ ತಾನೆ, ನಿಂಗಲ್ಲ" ಅಂದರು ಅಜ್ಜಿ, ಈಗ ಈ ಕಡೆ ತಿರುಗಿ.

"ಅವ್ರಿಗೆ ಇಟ್ಟ ಮೇಲೆ ನಾವೆಲ್ಲ ಇಲ್ಲೇ ತಿನ್ನಬೇಕು" ಅಂದರು ಆಕೆ. "ತಿನ್ನದಿದ್ರೆ ಅವ್ರಿಗೂ ಮುಟ್ಟಲ್ಲ."

ಅಜ್ಜಿ ಯೋಚಿಸಿದರು. "ಅವ್ರು ಇವತ್ತು ತಿನ್ಲಿ, ನಾವು ನಾಳೆ ತಿಂತೀವಿ. ತಣ್ಣಗಿರೋದು ತಾನೆ, ಒಂದಿನಕ್ಕೆ ಏನಾಯ್ತದೆ. ಕಾಲು ಎರಡೂ ನಂಗೇ ಇರ್ಲಿ. ಹಲ್ಲು ಅವ್ರು ಕೊಟ್ಟಿದ್ದಲ್ವಾ."

ಆಕೆ ನಕ್ಕರು. ಆಮೇಲೆ ಗುಡ್ಡೆಯ ಪಕ್ಕ ಕೂತು ತಮ್ಮ ಭಾಷೆಯಲ್ಲಿ ಗಂಡನೊಡನೆ ಮಾತಾಡತೊಡಗಿದರು. ಗಟ್ಟಿಯಾಗಿ, ಸಲೀಸಾಗಿ, ಅಂಗಡಿಯಿಂದ ಬಂದವರಿಗೆ ಮನೆಯ ಸಮಾಚಾರ ಹೇಳುವ ಹಾಗೆ. ನಾನು ಕೈ ತೊಳೆದುಕೊಂಡು ಉಗುರಿನ ಮಣ್ಣು ತೆಗೆಯುತ್ತಾ ಕೂತೆ. ನನ್ನ ಗಂಡನ ಬೂದಿ ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿದು ಹೋಗಿತ್ತು. ಹೀಗೆ ಕೂತು ಮಾತಾಡುವುದಿದ್ದರೂ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಕೆ ಕೇಳಿದರು, "ಮುಂದಿನ ವರ್ಷ?"

"ಬರ್ತೀನಿ" ಅಂದೆ. ಡ್ಯೂಟಿ ಒಪ್ಪಿಕೊಂಡ ಹಾಗೆ. ಆಕೆ ಮತ್ತೆ ಕೇಳಲಿಲ್ಲ. ಹೆಬ್ಬೂರಿನಿಂದ ಮನೆಯವರೆಗೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ಮಳೆ ಹಿಡಿಯುವ ಮುಂಚೆ ಕಲ್ಕತ್ತೆಗೆ ಹೊರಟು ಹೋದರು.

ಮಾರನೇ ವರ್ಷ ಹಿಂದಿನ ದಿನವೇ ಕೋಳಿ ಬೇಯಿಸಿಟ್ಟು, ಬೆಳಗಿನ ಬಸ್ಸಿಗೆ ಒಬ್ಬಳೇ ಹೋದೆ. ಮರುದಿನ ಯುಗಾದಿ, ಹಾಗಾಗಿ ಅವತ್ತು ಅಮಾವಾಸ್ಯೆ. ಗುಡ್ಡೆಯ ಮೇಲೆ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಅಜ್ಜಿ ಕಾಯಿ ಬೀಳದಂತೆ ಮೇಲಿನ ಮರದ ಗೊನೆಯನ್ನೂ ಇಳಿಸಿದ್ದರು. ಹುಲ್ಲು ಕಿತ್ತೆ, ಗುಡಿಸಿದೆ, ಕಾಗದಕ್ಕೆ ಕಲ್ಲು ಹೇರಿದೆ, ಎಲೆ ಹಾಕಿ ಬಡಿಸಿದೆ. ಕೆಲಸ ಮುಗಿಯಿತು. ಎದ್ದು ಸೆರಗು ಕೊಡವಿಕೊಂಡೆ.

"ನಿಮ್ ಯಜಮಾನ್ರಿಗೆ ಎಲ್ಲಿ ಇಕ್ತೀರಾ?" ಅಂದರು ಅಜ್ಜಿ.

"ಗುಬ್ಬಿಯಲ್ಲಿ ಮೈದುನ ಇಡ್ತಾರೆ."

"ಅದು ಅವ್ರು ಇಕ್ಕೋದು. ನೀವು?"

"ನಾನು ಇಟ್ಟಿಲ್ಲ."

ಅಜ್ಜಿ ಒಂದು ಬಾಳೆ ಎಲೆ ಕೊಯ್ದು ತಂದು ನನ್ನ ಮುಂದೆ ಹಾಕಿದರು. "ಅಮಾಸೆ ಐತೆ, ಅಡುಗೆ ಐತೆ. ಇಕ್ಕಿ. ಏನಿಷ್ಟ ಅವ್ರಿಗೆ?"

ಬುಟ್ಟಿಯ ಮೇಲೆ ಕೈಯಿಟ್ಟು ಯೋಚಿಸಿದೆ. ಏನೂ ನೆನಪಾಗಲಿಲ್ಲ. ಅವರು ಎಂಟಕ್ಕೆ ಊಟಕ್ಕೆ ಕೂರುತ್ತಿದ್ದರು. ನಾನು ಬಡಿಸುತ್ತಿದ್ದೆ. ತಟ್ಟೆ ಖಾಲಿಯಾಗುತ್ತಿತ್ತು. ನಾನು ನೈಟ್ ಡ್ಯೂಟಿಗೆ ಹೋಗುತ್ತಿದ್ದೆ.

"ಇಷ್ಟು ವರ್ಷ ಬಡ್ಸಿ, ಏನಿಷ್ಟ ಅಂತ ಗೊತ್ತಿಲ್ವಾ?" ಅಂದರು ಅಜ್ಜಿ.

"ಬಡಿಸಿದ್ದೆಲ್ಲ ತಿಂತಿದ್ರು."

"ಹಂಗಾದ್ರೆ ಎಲ್ಲಾ ಇಕ್ಕಿ."

ಕೋಳಿ, ಮೊಟ್ಟೆ, ಅನ್ನ, ಕಿತ್ತಳೆ, ಅಜ್ಜಿಯ ಮನೆಯಿಂದ ಬಂದ ಮುದ್ದೆ, ಸೊಪ್ಪಿನ ಸಾರು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟೆ. ಎಲೆ ಸಾಲದೆ ಅಂಚಿಗೆ ಬಂತು. ಆಸ್ಪತ್ರೆಯ ಕೈ, ಬಡಿಸುವಾಗ ಒಂದಕ್ಕೊಂದು ತಾಗದ ಹಾಗೆ ಇಡುವುದು ಅಭ್ಯಾಸ. ಅವತ್ತು ಎಲ್ಲ ಕಲೆಸಿ ಹೋಯಿತು. ನಾನು ಅದನ್ನು ಸರಿ ಮಾಡಲಿಲ್ಲ.

ಯುಗಾದಿಯ ದಿನ ಕಲ್ಕತ್ತೆಯಿಂದ ಎದುರು ಮನೆಯ ಫೋನಿಗೆ ಕರೆ ಬಂತು.

"ಬೇರು?" ಅಂದರು ಆಕೆ. ಹೇಗಿದ್ದೀರಿ ಎಂದೂ ಕೇಳಲಿಲ್ಲ.

"ಒಂದೂ ಇಲ್ಲ. ಬರೀ ಹುಲ್ಲು."

"ಕೋಳಿ ಯಾರು ತಿಂದ್ರು?"

"ಈ ಸಲ ಮಂಗಳವಾರ. ಅಲ್ಲೇ ಕೂತು ಎಲ್ಲರೂ ತಿಂದ್ವಿ. ಅಜ್ಜಿಗೆ ಎರಡು ಕಾಲು."

"ನೀವು?"

"ನಾನೂ ತಿಂದೆ. ಎರಡೂ ಎಲೆಯದ್ದು."

ಎರಡನೇ ಎಲೆ ಯಾರದೆಂದು ಆಕೆ ಕೇಳಲಿಲ್ಲ.

"ಹಾಗಾದ್ರೆ ಒಂದು ಕೋಳಿ ಸಾಲಲ್ಲ ಸಿಸ್ಟರ್" ಅಂದರು. "ಮುಂದಿನ ವರ್ಷ ಎರಡು ತಗೊಂಡ್ಹೋಗಿ."